ಕೃಷ್ಣೆಯ ಕಡವು, ಮೋಟಾರು ದೋಣಿ ಮತ್ತು ನಮ್ಮ ಭಾಷೆ

ಗಾಣಗಾಪುರಕ್ಕೆ ಹೋದವರು ಅಲ್ಲಿಂದ ಮುಂದುವರಿದು ಕುರುವಪುರವನ್ನೂ ನೋಡಿಕೊಂಡು ಬರುವ ವಾಡಿಕೆ ದತ್ತಭಕ್ತರಲ್ಲಿ ಉಂಟು. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಈ ಕುರುವಪುರ ಕೃಷ್ಣಾ ನದಿಯ ನಡುವಿನ ಒಂದು ನಡುಗಡ್ಡೆ. ಊರು ಕರ್ನಾಟಕದ ರಾಯಚೂರು ಜಿಲ್ಲೆಗೆ ಸೇರಿದ್ದು. ಆದರೆ ಬಹಳ ಮಂದಿ ಯಾತ್ರಿಕರು ಅಲ್ಲಿಗೆ ಹೋಗುವುದು ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಮಕ್ತಲ್‌ನಿಂದ ಪಂಚದೇವ ಪಹಾಡ್ ಎಂಬ ಹಳ್ಳಿಗೆ ಬಂದು, ಅಲ್ಲಿಯ ಕಡವಿನಲ್ಲಿ ದೋಣಿ ಹತ್ತಿ. ದಂಡೆ ಒಂದು ರಾಜ್ಯ, ನಡುಗಡ್ಡೆ ಇನ್ನೊಂದು ರಾಜ್ಯ. ನಡುವೆ ಹರಿಯುವ ನೀರಿನ ಮೇಲೆ ಜನರನ್ನು ದಾಟಿಸುವವನು ಯಾರ ಅಧೀನ ಎಂದು ಕೇಳಿದರೆ, ಇವರು ಅವರತ್ತ, ಅವರು ಇವರತ್ತ ಕೈ ತೋರಿಸುವುದಕ್ಕೆ ಧಾರಾಳ ಅವಕಾಶವಿರುವ ಜಾಗ ಅದು.

2020ರ ಆಗಸ್ಟ್ ತಿಂಗಳಲ್ಲಿ, ಕೃಷ್ಣೆ ತುಂಬಿ ಹರಿಯುತ್ತಿದ್ದಾಗ, ಇದೇ ಪಂಚದೇವ ಪಹಾಡದ ಬಳಿ ಹರಿಗೋಲೊಂದು ಮಗುಚಿತು. ಅದರಲ್ಲಿದ್ದವರು 13 ಮಂದಿ. 9 ಮಂದಿ ಪಾರಾದರು, 4 ಮಂದಿ ನೀರುಪಾಲಾದರು. ಕ್ಷೇತ್ರದರ್ಶನಕ್ಕೆ ಬಂದ ಶ್ರೀಮಂತ ಯಾತ್ರಿಕರಲ್ಲ, ನಿತ್ಯದ ಬದುಕಿಗಾಗಿ ಹೊಳೆ ದಾಟಲೇಬೇಕಾದ ನಡುಗಡ್ಡೆಯ ಬಡವರು. ಇಂಥ ದುರಂತದ ಬೆನ್ನಿಗೆ, ಹರಿಗೋಲು ಅಪಾಯ, ಮೋಟಾರು ದೋಣಿ ಬಂದರೆ ಕ್ಷೇಮ ಎಂಬ ಮಾತು ಸಹಜವಾಗಿಯೇ ಬರುತ್ತದೆ. ಈ ಮಾತು ಅರ್ಧ ಸತ್ಯ. ಮೋಟಾರು ದೋಣಿಯ ಕ್ಷೇಮ ಮೋಟಾರಿನಲ್ಲಿಲ್ಲ, ಅದನ್ನು ಹಿಡಿದ ಕೈಯಲ್ಲಿದೆ. ಆ ಕೈಗೆ ಕಲಿಸುವವರು ಯಾರು, ಯಾವ ಭಾಷೆಯಲ್ಲಿ ಎಂಬುದೇ ಈಗ ನಾವು ಎತ್ತಬೇಕೆಂದಿರುವ ಪ್ರಶ್ನೆ.

ಎಲ್ಲೋ ದೂರದ ತೆಲಂಗಾಣದ ಕಡವಿನ ಮಾತು ಕಾಸರಗೋಡಿನ ಓದುಗರಿಗೆ ಏಕೆ ಎಂದು ಕೇಳುವವರಿರಬಹುದು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಸೇರಿದ ಅದೇ ದಿನ, ಅದೇ ಕಾಯಿದೆಯಿಂದ, ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರದ ಪಾಲಿಗೆ ಹೋದವು. ಉಳಿದ ರಾಯಚೂರು ಮೈಸೂರಿಗೆ ಬಂತು. ಮಕ್ತಲ್, ನಾರಾಯಣಪೇಟೆಗಳು ಮೊದಲೇ ಮಹಬೂಬನಗರ ಜಿಲ್ಲೆಯಲ್ಲಿದ್ದವು. ಅವೂ ಆಂಧ್ರಕ್ಕೇ ಹೋದವು. ಈಗ ತೆಲಂಗಾಣವಾಗಿ, 2016ರಲ್ಲಿ ಜೋಗುಳಾಂಬ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಬೇರೆ ಬೇರೆ ಜಿಲ್ಲೆಗಳಾಗಿವೆ. ಆ ಕಡೆಯ ಸೀರೆಗಳನ್ನು ನಮ್ಮ ಮನೆಯ ಹೆಂಗಸರು ಹೆಸರು ಹಿಡಿದು ಕೇಳುತ್ತಾರೆ. ಆ ಸೀರೆಯ ಊರುಗಳ ಸುತ್ತ ಇಂದಿಗೂ ಕನ್ನಡ ಮಾತಾಡುವ ಹಳ್ಳಿಗಳಿವೆ, ಕೃಷ್ಣಾ ಮಂಡಲದಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ ಎಂಬುದು ಎಷ್ಟು ಮಂದಿಗೆ ಗೊತ್ತು? ಒಂದೇ ದಿನ ಗಡಿಯಾಚೆ ಉಳಿದವರು ನಾವೂ ಅವರೂ. ನಮಗೆ ಸಮುದ್ರ ಮತ್ತು ಚಂದ್ರಗಿರಿ, ಅವರಿಗೆ ಕೃಷ್ಣೆ. ಇಷ್ಟೇ ವ್ಯತ್ಯಾಸ.

ಈ ಮೋಟಾರಿನ ಚರಿತ್ರೆ ನಮ್ಮ ಕರಾವಳಿಗೆ ಹೊಸತಲ್ಲ. ನಾರ್ವೆಯಲ್ಲಿ ಹುಟ್ಟಿ ಅಮೆರಿಕೆಗೆ ವಲಸೆ ಹೋದ ಓಲೆ ಎವಿನ್‌ರೂಡ್ ಎಂಬಾತ 1909ರಲ್ಲಿ ಇಂಥ ಯಂತ್ರವನ್ನು ಮಾರಾಟಕ್ಕೆ ತಂದ. ಕೇರಳ ತೀರದ ನಾಡದೋಣಿಗಳಿಗೆ ಅದು ದೊಡ್ಡ ಪ್ರಮಾಣದಲ್ಲಿ ಬಂದದ್ದು 1980ರ ದಶಕದಲ್ಲಿ. ಮಂಜೇಶ್ವರದಿಂದ ತೃಕ್ಕರಿಪುರದ ತನಕ ನಮ್ಮ ಮೀನುಗಾರರು ಅದನ್ನು ಬಿಚ್ಚಿ, ಜೋಡಿಸಿ, ಕೆಡಿಸಿ, ಸರಿಪಡಿಸಿ ಕಲಿತರು. ಆ ವಿದ್ಯೆ ಬಾಯಿಂದ ಬಾಯಿಗೆ ಬಂದದ್ದು, ಪುಸ್ತಕದಿಂದ ಬಂದದ್ದಲ್ಲ. ಪೆಟ್ಟಿಗೆಯೊಳಗೆ ಬರುವ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ಅದನ್ನು ಯಾರೂ ಓದುವುದಿಲ್ಲ, ಓದಿದರೂ ಅರ್ಥವಾಗುವುದಿಲ್ಲ. ಸಮುದ್ರತೀರದಲ್ಲಿ ಹತ್ತು ದೋಣಿಗೆ ಒಬ್ಬನಾದರೂ ಬಲ್ಲವನಿರುತ್ತಾನೆ. ಒಳನಾಡಿನ ಹೊಳೆಯ ಕಡವಿನಲ್ಲಿ ಹುಟ್ಟು ಹಾಕಿಯೇ ತಲೆತಲಾಂತರ ಬದುಕಿದ ಅಂಬಿಗನ ಕೈಗೆ ಒಂದು ದಿನ ಮೋಟಾರು ಬಂದು ಬಿದ್ದರೆ ಅವನು ಯಾರನ್ನು ಕೇಳಬೇಕು?

ಕೇಳಿದರೆ ಹೇಳಬೇಕಾದ ಮೊದಲ ಮಾತು ತೂಕದ್ದು. ಹಿಂದಿನ ಹಲಗೆಗೆ ಮೋಟಾರು ಕಟ್ಟಿದ ಕೂಡಲೇ ದೋಣಿಯ ಸ್ವಭಾವವೇ ಬದಲಾಗುತ್ತದೆ. ಯಂತ್ರ, ಇಂಧನದ ಡಬ್ಬ, ಚಾಲಕ, ಮೂವರ ಭಾರವೂ ಹಿಂದಕ್ಕೇ ಬೀಳುತ್ತದೆ. ಹುಟ್ಟಿನ ಕಾಲದಲ್ಲಿ 10 ಮಂದಿ ಕೂತ ದೋಣಿಯಲ್ಲಿ ಈಗಲೂ 10 ಮಂದಿ ಕೂತರೆ ಅದು ಮೊದಲಿಗಿಂತ ಹೆಚ್ಚು ತಗ್ಗಿ ನಿಲ್ಲುತ್ತದೆ. ವೇಗವಾಗಿ ಹೋಗಿ ಥಟ್ಟನೆ ನಿಲ್ಲಿಸಿದರೆ ದೋಣಿಯೇ ಎಬ್ಬಿಸಿದ ಅಲೆ ಹಿಂದಿನಿಂದ ಬಂದು ಹಲಗೆಯ ಮೇಲಿಂದ ಒಳಗೆ ಸುರಿಯುತ್ತದೆ. ದೊಡ್ಡ ಅಶ್ವಶಕ್ತಿಯ ಮೋಟಾರು ಕಟ್ಟಿದರೆ ದೊಡ್ಡಸ್ತಿಕೆ ಎಂಬ ಭ್ರಮೆ ನಮ್ಮಲ್ಲೂ ಉಂಟು. ಚಿಕ್ಕ ದೋಣಿಗೆ ಮಿತಿ ಮೀರಿದ ಮೋಟಾರು ಕಟ್ಟುವುದೆಂದರೆ ಎಳೆಗರುವಿನ ಹೆಗಲಿಗೆ ನೊಗ ಹೊರಿಸಿದ ಹಾಗೆ. ಹಲಗೆಗೆ ಬಿಗಿಯುವ ಎರಡು ತಿರುಪುಗಳು ನಡುಕಕ್ಕೆ ಸಡಿಲವಾಗುತ್ತವೆ. ಅವನ್ನು ಪ್ರತಿದಿನ ಬಿಗಿಯಬೇಕು, ಅದರ ಮೇಲೆ ಒಂದು ಸರಪಳಿಯನ್ನೋ ಗಟ್ಟಿ ಹಗ್ಗವನ್ನೋ ದೋಣಿಗೆ ಕಟ್ಟಬೇಕು. ನಡುಹೊಳೆಯಲ್ಲಿ ಮೋಟಾರು ಕಳಚಿ ಬಿದ್ದರೆ ಯಂತ್ರವೂ ಹೋಯಿತು, ದಾರಿಯೂ ಹೋಯಿತು.

ಇಂಧನದ ವಿಷಯದಲ್ಲಿ ನಮ್ಮ ಜನ ತೋರಿಸುವ ಉಡಾಫೆ ಕಂಡರೆ ಮೈ ಜುಂ ಎನ್ನುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹಾರಿ ಹೋಗುವುದಿಲ್ಲ, ದೋಣಿಯ ತಳದಲ್ಲಿ ಕಣ್ಣಿಗೆ ಕಾಣದೆ ಕೂತಿರುತ್ತದೆ. ಡಬ್ಬವನ್ನು ದಡಕ್ಕೆ ತಂದು, ಜನರನ್ನು ಇಳಿಸಿ, ಎಂಜಿನು ತಣ್ಣಗಾದ ಮೇಲೆ ತುಂಬಿಸಬೇಕೆನ್ನುವುದು ಇದಕ್ಕಾಗಿಯೇ. ಬೀಡಿ ಹಚ್ಚಿದವನು ಎಂಥ ದೊಡ್ಡ ಮನುಷ್ಯನಾದರೂ ಆಗ ದೂರ ನಿಲ್ಲಬೇಕು. ಎರಡು ಸ್ಟ್ರೋಕಿನ ಮೋಟಾರಿಗೆ ಪೆಟ್ರೋಲಿನ ಜತೆ ಎಣ್ಣೆ ಬೆರೆಸಿಯೇ ಹಾಕಬೇಕು. ಈಗಿನ ಹಲವು ಮಾದರಿಗಳಿಗೆ 50 ಪಾಲಿಗೆ 1 ಪಾಲು, ಹೊಸ ಯಂತ್ರಕ್ಕೆ ಆರಂಭದ ಕೆಲವು ಗಂಟೆ ಅದರ ಇಮ್ಮಡಿ. ಸೀಮೆಎಣ್ಣೆಯಲ್ಲಿ ಓಡುವ ಮಾದರಿಗಳಿಗೆ ಎಣ್ಣೆಯ ಪಾಲು ಇನ್ನೂ ಹೆಚ್ಚು ಬೇಕಾಗುತ್ತದೆ. ತಯಾರಕರು ಹೇಳಿದ ಪ್ರಮಾಣವನ್ನು ಡಬ್ಬದ ಮೇಲೆಯೇ ಬಣ್ಣದಲ್ಲಿ ಬರೆದಿಟ್ಟರೆ ತಪ್ಪುವುದಿಲ್ಲ. ಕನ್ನಡ ಅಂಕಿಯಲ್ಲಿ ಬರೆದರೂ ಎಂಜಿನಿಗೆ ಆಕ್ಷೇಪವಿಲ್ಲ! ಸೀಮೆಎಣ್ಣೆ ಮೋಟಾರನ್ನು ಪೆಟ್ರೋಲಿನಲ್ಲಿ ಎಬ್ಬಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು ಎಲ್ಲರಿಗೂ ಗೊತ್ತು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಕೆಲವು ನಿಮಿಷ ಓಡಿಸಬೇಕೆಂಬುದು ಮಾತ್ರ ಅರ್ಧ ಮಂದಿಗೆ ಮರೆಯುತ್ತದೆ. ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಮಾರನೆಯ ದಿನ ಹಗ್ಗ ಎಳೆದೆಳೆದು ಕೈ ಸೋಲುತ್ತದೆಯೇ ಹೊರತು ಎಂಜಿನು ಎಚ್ಚರಗೊಳ್ಳುವುದಿಲ್ಲ. ದಡದಲ್ಲಾದರೆ ಅದು ಬೇಸರ, ನೆರೆಯ ಹೊಳೆಯ ನಡುವೆ ನಿಂತು ಹೋದ ಎಂಜಿನಿನ ವಿಷಯದಲ್ಲಿ ಅದೇ ಪ್ರಾಣಾಪಾಯ. ಇಂಧನದ ಡಬ್ಬದ ಮುಚ್ಚಳದ ಮೇಲೆ ಗಾಳಿಯ ಚಿಕ್ಕ ತಿರುಪೊಂದಿರುತ್ತದೆ. ಓಡುವಾಗ ಅದನ್ನು ತೆರೆಯದಿದ್ದರೆ ಹೊರಟು ಸ್ವಲ್ಪ ದೂರ ಹೋದ ಮೇಲೆ ಎಂಜಿನು ಉಸಿರುಗಟ್ಟಿ ನಿಲ್ಲುತ್ತದೆ. ಯಂತ್ರ ಕೆಟ್ಟಿತೆಂದು ಬೈದುಕೊಳ್ಳುವ ಮೊದಲು ಆ ತಿರುಪನ್ನು ನೋಡಬೇಕು.

ಎಂಜಿನು ಓಡುವಾಗ ಅದರ ಹಿಂಬದಿಯಿಂದ ಒಂದು ಸಣ್ಣ ನೀರಿನ ಧಾರೆ ಚಿಮ್ಮುತ್ತಿರಬೇಕು. ಹೊಳೆಯ ನೀರನ್ನೇ ಹೀರಿ ಎಂಜಿನನ್ನು ತಂಪು ಮಾಡಿ ಹೊರಗೆ ಬಿಡುವ ಧಾರೆ ಅದು. ಅದು ನಿಂತಿತೆಂದರೆ ಕೂಡಲೇ ಎಂಜಿನು ನಿಲ್ಲಿಸಬೇಕು. ಆಚೆ ದಡ ಮುಟ್ಟಿಸಿ ನೋಡೋಣ ಎಂದವನ ಯಂತ್ರ ಬೆಂದು ಹೋಗುತ್ತದೆ. ಒಳಗೆ ನೀರೆತ್ತುವುದು ರಬ್ಬರಿನ ಒಂದು ಪುಟ್ಟ ಚಕ್ರ. ನಮ್ಮಲ್ಲಿ ಅದರ ಶತ್ರು ಉಪ್ಪು, ಆದುದರಿಂದ ಸಮುದ್ರದಿಂದ ಬಂದವರು ಸಿಹಿನೀರಿನಲ್ಲಿ ಎಂಜಿನು ಓಡಿಸಿ ತೊಳೆಯುತ್ತಾರೆ. ಕೃಷ್ಣೆಯಲ್ಲಿ ಅದರ ಶತ್ರು ಮರಳು ಮತ್ತು ಹೂಳು. ಭೀಮೆ ಬಂದು ಕೂಡುವ ಆ ಭಾಗದಲ್ಲಿ ಮಳೆಗಾಲದ ನೀರೆಂದರೆ ಕೆಂಪು ಕಲಕು. ಮರಳು ತಿಂದ ರಬ್ಬರಿನ ಚಕ್ರ ಬೇಗ ಸವೆಯುತ್ತದೆ. ಅದರ ಬೆಲೆ ಹೆಚ್ಚೇನಲ್ಲ. ಮಳೆಗಾಲ ಆರಂಭವಾಗುವ ಮೊದಲು ಪ್ರತಿ ವರ್ಷ ಬದಲಿಸಿದರೆ ನಷ್ಟವಿಲ್ಲ. ಕೆಳಗಿನ ಗೇರಿನ ಎಣ್ಣೆಯನ್ನೂ ಆಗಾಗ ಇಳಿಸಿ ನೋಡಬೇಕು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ನುಗ್ಗಿದೆ ಎಂದೇ ಅರ್ಥ. ಹೆಚ್ಚಾಗಿ ಇದು ಬಲೆಯ ದಾರ ಮಾಡುವ ಕೆಲಸ. ಪಂಖದ ಹಿಂದೆ ಸುತ್ತಿಕೊಂಡ ನೈಲಾನ್ ದಾರ ಒಳಗಿನ ಮುದ್ರೆಯನ್ನು ಕೊಯ್ದುಬಿಡುತ್ತದೆ. ಜುರಾಲಾದ ಹಿನ್ನೀರಿನಲ್ಲಿ ಮೀನಿನ ಬಲೆಗಳಿಗೇನೂ ಕೊರತೆಯಿಲ್ಲ.

ಕೃಷ್ಣೆಗೆ ಇನ್ನೊಂದು ಗುಣವಿದೆ, ಅದು ನಮ್ಮ ಹೊಳೆಗಳಿಗಿಲ್ಲ. ಅದರ ಪಾತ್ರ ಬಂಡೆಗಳದ್ದು. ಮೇಲ್ಗಡೆ ನಾರಾಯಣಪುರದ ಬಸವಸಾಗರ, ಅದಕ್ಕೂ ಮೇಲೆ ಆಲಮಟ್ಟಿ, ಕೆಳಗಡೆ ಗದ್ವಾಲದ ಬಳಿ 1995ರಲ್ಲಿ ಉದ್ಘಾಟನೆಯಾದ ಜುರಾಲಾ. ಮೇಲಿನವರು ಬಾಗಿಲು ತೆರೆದರೆ ನೀರು ಏರುತ್ತದೆ, ಮುಚ್ಚಿದರೆ ಇಳಿಯುತ್ತದೆ. ಹೋದ ವಾರ ದೋಣಿಯ ಅಡಿಗೆ ಆಳದಲ್ಲಿದ್ದ ಬಂಡೆ ಈ ವಾರ ಪಂಖಕ್ಕೆ ತಾಗುವಷ್ಟು ಹತ್ತಿರವಿರುತ್ತದೆ. ಬಂಡೆಗೆ ಬಡಿದಾಗ ಮುರಿಯಲೆಂದೇ ಚಿಕ್ಕ ಮೋಟಾರುಗಳ ಪಂಖದಲ್ಲಿ ಒಂದು ಮೆದು ಲೋಹದ ಪಿನ್ನು ಇಟ್ಟಿರುತ್ತಾರೆ. ಪಿನ್ನು ಮುರಿದರೆ ಗೇರು ಉಳಿಯುತ್ತದೆ. ನಮ್ಮ ಜಾಣರು ಮುರಿದ ಪಿನ್ನಿನ ಜಾಗಕ್ಕೆ ಕಬ್ಬಿಣದ ಮೊಳೆ ಹೊಡೆದು ತಮ್ಮ ಬುದ್ಧಿವಂತಿಕೆಗೆ ತಾವೇ ಮೆಚ್ಚಿಕೊಳ್ಳುತ್ತಾರೆ. ಮುಂದಿನ ಬಂಡೆಗೆ ಮೊಳೆ ಮುರಿಯುವುದಿಲ್ಲ, ಒಳಗಿನ ಗೇರು ಪುಡಿಯಾಗುತ್ತದೆ. ಎರಡು ಪಿನ್ನು, ಒಂದು ಇಕ್ಕಳ, ಒಂದು ಸ್ಪಾರ್ಕ್ ಪ್ಲಗ್ಗು, ಅದನ್ನು ಬಿಚ್ಚುವ ಸ್ಪ್ಯಾನರು, ಇಷ್ಟು ಒಂದು ಡಬ್ಬಿಯಲ್ಲಿ ದೋಣಿಯಲ್ಲೇ ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ ಎರಡು ಹುಟ್ಟುಗಳು ಮತ್ತು ಹಗ್ಗ ಕಟ್ಟಿದ ಲಂಗರು. ಮೋಟಾರು ಬಂತೆಂದು ಹುಟ್ಟನ್ನು ಮನೆಯ ಅಟ್ಟಕ್ಕೆ ಹಾಕಿದ ಅಂಬಿಗನ ದೋಣಿಯನ್ನು ಹತ್ತಬೇಡಿ. ಎಂಜಿನು ನಿಂತ ದೋಣಿಯನ್ನು ನೆರೆಯ ನೀರು ಅಣೆಕಟ್ಟಿನ ಕಡೆಗೇ ಒಯ್ಯುವುದು.

ಪಂಖದಿಂದಾಗುವ ಗಾಯ ಕತ್ತಿಯ ಗಾಯದಂಥದ್ದು. ಚಾಲಕ ಆಯತಪ್ಪಿ ನೀರಿಗೆ ಬಿದ್ದರೆ ಚಾಲಕನಿಲ್ಲದ ದೋಣಿ ಗಿರಗಿರನೆ ಸುತ್ತಿ ಅವನ ಮೇಲೆಯೇ ಬರುವುದುಂಟು. ಇದನ್ನು ತಡೆಯಲೆಂದೇ ಈಗಿನ ಮೋಟಾರುಗಳಲ್ಲಿ ಕೆಂಪು ಬಳ್ಳಿಯೊಂದನ್ನು ಕೊಟ್ಟಿರುತ್ತಾರೆ. ಒಂದು ತುದಿ ಎಂಜಿನಿಗೆ, ಇನ್ನೊಂದು ತುದಿ ಚಾಲಕನ ಮಣಿಕಟ್ಟಿಗೆ. ಅವನು ಬಿದ್ದರೆ ಬಳ್ಳಿ ಕಳಚಿ ಎಂಜಿನು ತಾನಾಗಿ ನಿಲ್ಲುತ್ತದೆ. ನಾವು ಕಂಡ ಹೆಚ್ಚಿನ ದೋಣಿಗಳಲ್ಲಿ ಈ ಬಳ್ಳಿ ಎಂಜಿನಿಗೇ ಸುತ್ತಿಕೊಂಡು ಶೋಭೆಗೆಂಬಂತೆ ಜೋತಾಡುತ್ತಿರುತ್ತದೆ. ನೀರಿನಲ್ಲಿ ಬಿದ್ದವನನ್ನು ಎತ್ತಲು ಹೋಗುವಾಗ ಹತ್ತಿರ ಬಂದ ಕೂಡಲೇ ಎಂಜಿನನ್ನು ಪೂರ್ತಿ ನಿಲ್ಲಿಸಬೇಕು. ಗೇರು ತೆಗೆದರೆ ಸಾಕು ಎಂದು ಬಿಟ್ಟರೆ ಗಡಿಬಿಡಿಯಲ್ಲಿ ಯಾರದೋ ಮೊಣಕೈ ತಾಗಿ ಅದು ಬಿದ್ದೀತು.

ಇನ್ನು ಪ್ರಯಾಣಿಕರಾದ ನಮ್ಮ ಪಾಲಿನದು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯ ದಿನ ದೋಣಿ ಮಗುಚಿ 16 ಮಂದಿ ಸತ್ತರು. 2023ರ ಮೇ 7ರಂದು ನಮ್ಮದೇ ರಾಜ್ಯದ ತಾನೂರಿನಲ್ಲಿ 22 ಮಂದಿ, ಅವರಲ್ಲಿ ಎಷ್ಟೋ ಮಕ್ಕಳು. ಮೀನು ಹಿಡಿಯುವ ದೋಣಿಯನ್ನು ವಿಹಾರದೋಣಿಯಾಗಿ ಮಾರ್ಪಡಿಸಿ, ಅದರ ಮೇಲೆ ಮಿತಿ ಮೀರಿ ಜನರನ್ನು ತುಂಬಿದ್ದರು. ಎಂಜಿನಿನಲ್ಲಿ ಎಷ್ಟು ಶಕ್ತಿಯಿದ್ದರೂ ಮಗುಚುವ ದೋಣಿಯನ್ನು ಅದು ಎತ್ತಿ ಹಿಡಿಯಲಾರದು. ಹಬ್ಬದ ದಿನ, ಮುಸ್ಸಂಜೆ, ಕೊನೆಯ ದೋಣಿ ತಪ್ಪೀತೆಂಬ ಆತುರ, ಇವು ಮೂರೂ ಕೂಡಿದಲ್ಲಿ ಅನಾಹುತ ಹೊಂಚು ಹಾಕಿರುತ್ತದೆ. ಲೈಫ್ ಜಾಕೆಟ್ಟು ಬೆಂಚಿನ ಕೆಳಗಿದ್ದರೆ ಅದು ಬರೇ ಸಾಮಾನು, ಮೈಮೇಲಿದ್ದರೆ ಮಾತ್ರ ರಕ್ಷೆ. ದೊಡ್ಡವರ ಜಾಕೆಟ್ಟನ್ನು ಮಗುವಿಗೆ ತೊಡಿಸಿದರೆ ಮಗು ಅದರೊಳಗಿಂದ ಜಾರಿ ಹೋಗುತ್ತದೆ. ಒಂದು ಕಡೆ ಮೊಸಳೆ ಕಂಡಿತೆಂದೋ ಗೋಪುರ ಕಂಡಿತೆಂದೋ ಎಲ್ಲರೂ ಒಂದೇ ಬದಿಗೆ ಎದ್ದು ನಿಲ್ಲುವ ನಮ್ಮ ಚಾಳಿಗೆ ಯಾವ ಸರಕಾರವೂ ಮದ್ದು ಕೊಡಲಾರದು.

ಆದರೆ ಸರಕಾರ ಕೊಡಬಹುದಾದದ್ದೂ ಉಂಟು. 1917ರ ಹಳೆಯ ಕಾಯಿದೆಯ ಜಾಗಕ್ಕೆ 2021ರಲ್ಲಿ ಒಳನಾಡು ಜಲಯಾನಗಳ ಹೊಸ ಕಾಯಿದೆ ಬಂದಿದೆ. ಯಂತ್ರದಿಂದ ಓಡುವ ದೋಣಿಗೆ ನೋಂದಣಿ, ತಪಾಸಣೆ, ನಡೆಸುವವನಿಗೆ ಯೋಗ್ಯತಾಪತ್ರ ಎಂದು ಅದರಲ್ಲಿದೆ. ಒಂದು ರಾಜ್ಯ ಕೊಟ್ಟ ನೋಂದಣಿ ಇನ್ನೊಂದು ರಾಜ್ಯದಲ್ಲೂ ನಡೆಯುತ್ತದೆ ಎಂದಿದೆ. ಹಾಗಿದ್ದ ಮೇಲೆ ಪಂಚದೇವ ಪಹಾಡಿನಲ್ಲಾಗಲಿ ಕುರುವಪುರದಲ್ಲಾಗಲಿ ಇದು ನಮ್ಮ ಗಡಿಯೊಳಗಿಲ್ಲ ಎಂಬ ನೆಪಕ್ಕೆ ಜಾಗವಿಲ್ಲ. ಉಳಿಯುವುದು ಭಾಷೆಯ ಪ್ರಶ್ನೆ. ಜನಸಂಖ್ಯೆಯ ನೂರಕ್ಕೆ 15ರಿಂದ 20ರಷ್ಟು ಅಲ್ಪಸಂಖ್ಯಾತ ಭಾಷೆಯವರಿರುವ ಪ್ರದೇಶದಲ್ಲಿ ಮುಖ್ಯ ಸರಕಾರಿ ಪ್ರಕಟಣೆ, ನಿಯಮಗಳನ್ನು ಆ ಭಾಷೆಯಲ್ಲೂ ಹೊರಡಿಸಬೇಕೆಂಬ ರಕ್ಷಣೆಯ ಭರವಸೆ 1956ರಿಂದಲೇ ಇದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕು ಬರೆದಿದೆ. ಈ ಹಕ್ಕಿನ ಮಾತು ಬಂದಾಗಲೆಲ್ಲ ನಾವು ಶಾಲೆ, ಕಚೇರಿ, ಉದ್ಯೋಗದ ಕುರಿತು ಹೋರಾಡಿದ್ದೇವೆ. ಅದು ಸರಿಯೇ. ಆದರೆ ಒಂದು ದೋಣಿಯಲ್ಲಿ ಎಷ್ಟು ಮಂದಿ ಕೂರಬಹುದು ಎಂಬ ಸಾಲು ಓದಲಾಗದ ಲಿಪಿಯಲ್ಲಿದ್ದರೆ ಅದರ ಬೆಲೆ ಅರ್ಜಿ ತಿರಸ್ಕಾರವಾದಷ್ಟಕ್ಕೇ ಮುಗಿಯುವುದಿಲ್ಲ. ಕನ್ನಡ ಶಾಲೆಯಲ್ಲಿ ಕಲಿತ ಕೃಷ್ಣಾ ಮಂಡಲದ ಹುಡುಗನಿಗೆ ತೆಲುಗು ಮಾತು ಬರುತ್ತದೆ, ತೆಲುಗು ಅಕ್ಷರ ಅಷ್ಟು ಸಲೀಸಲ್ಲ. ನಮ್ಮ ಮಕ್ಕಳಿಗೂ ಮಲಯಾಳದಲ್ಲಿ ಹೀಗೆಯೇ ಅಲ್ಲವೇ?

ಗದ್ವಾಲದ ಬಳಿ ಗುರ್ರಂಗಡ್ಡ ಎಂಬ ನಡುಗಡ್ಡೆಯ ಹಳ್ಳಿಯ ಜನ ಬಹುಕಾಲ ದೋಣಿಯನ್ನೇ ನಂಬಿ ಬದುಕಿದವರು. ಅಲ್ಲಿ ಸೇತುವೆಯ ಮಾತು, ರಾಯಚೂರಿನ ನಡುಗಡ್ಡೆಗಳಿಗೂ ಸೇತುವೆಯ ಮಾತು ಕೇಳುತ್ತ ವರ್ಷಗಳೇ ಕಳೆದಿವೆ. ಸೇತುವೆ ಬೇಕು, ಅನುಮಾನವಿಲ್ಲ. ಅದು ಬರುವ ತನಕ ದಾಟುವವರು ದಾಟುತ್ತಲೇ ಇರುತ್ತಾರೆ. ಕಡವಿನ ಹಕ್ಕನ್ನು ಯಾರಿಗೆ ವಹಿಸಿಕೊಡುವುದಿದ್ದರೂ ಜಾಕೆಟ್ಟು, ಹುಟ್ಟು, ಜನರ ಮಿತಿ, ಕತ್ತಲಾದ ಮೇಲೆ ದೋಣಿಯಿಲ್ಲ ಎಂಬ ಷರತ್ತುಗಳನ್ನು ಅದೇ ಕಾಗದದಲ್ಲಿ ಬರೆದು ಸಹಿ ಪಡೆಯುವುದಕ್ಕೆ ಒಂದು ರೂಪಾಯಿಯೂ ಖರ್ಚಾಗದು. ಮೋಟಾರು ನಡೆಸುವ ಅಂಬಿಗರಿಗೆ ಬೇಸಗೆಯಲ್ಲಿ ಎರಡು ದಿನದ ಪಾಠವನ್ನು ಅವರ ಮಾತಿನಲ್ಲೇ ಏರ್ಪಡಿಸಬಹುದು. ಕಲಿಸುವವರು ಬೇಕಾದರೆ ನಮ್ಮ ಮಂಜೇಶ್ವರ, ಕುಂಬಳೆಯ ಕಡೆ ಕನ್ನಡ ಬಲ್ಲ ಮೆಕ್ಯಾನಿಕರಿದ್ದಾರೆ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿನಾಡಿನಲ್ಲಿ ಕನ್ನಡದ ಉತ್ಸವ, ಸಮ್ಮೇಳನಗಳಿಗೆ ನೆರವು ನೀಡುತ್ತ ಬಂದಿದೆ. ಒಂದು ಉತ್ಸವದ ಶಾಮಿಯಾನದ ಖರ್ಚಿನಲ್ಲಿ ಚಿತ್ರಗಳಿರುವ 16 ಪುಟದ ಕನ್ನಡ ಕೈಪಿಡಿಯೊಂದು ಸಾವಿರಾರು ಪ್ರತಿ ಅಚ್ಚಾಗಬಹುದು. ಅದು ಕೃಷ್ಣೆಯ ಕಡವಿಗೂ ಆಯಿತು, ನಮ್ಮ ಶಿರಿಯಾ ಅಳಿವೆಗೂ ಆಯಿತು.

ಪಂಚದೇವ ಪಹಾಡದ ದಡದಲ್ಲಿ ಕನ್ನಡ, ತೆಲುಗು, ಮರಾಠಿ ಮೂರರಲ್ಲೂ ಒಂದು ಫಲಕ ಬೇಕು. ಮರಾಠಿ ಏಕೆಂದರೆ ಅಲ್ಲಿಗೆ ಬರುವ ಭಕ್ತರಲ್ಲಿ ಮಹಾರಾಷ್ಟ್ರದವರು ಬಹಳ. ಆಶ್ವೀಜ ಬಹುಳ ದ್ವಾದಶಿ ಶ್ರೀಪಾದ ಶ್ರೀವಲ್ಲಭರು ಅಂತರ್ಧಾನರಾದ ದಿನ, ಗುರುದ್ವಾದಶಿ. ಮಳೆಗಾಲ ಮುಗಿಯುತ್ತಿದ್ದರೂ ಹೊಳೆ ಇನ್ನೂ ಪೂರ್ತಿ ಇಳಿಯದ ಕಾಲದಲ್ಲಿ ಅದು ಬರುತ್ತದೆ, ಕ್ಷೇತ್ರದಲ್ಲಿ ಜನ ಸೇರುತ್ತಾರೆ. ರಾಯಚೂರಿನ ಜಿಲ್ಲಾಧಿಕಾರಿ, ನಾರಾಯಣಪೇಟೆಯ ಕಲೆಕ್ಟರು ಇಬ್ಬರೂ ಒಂದು ಬಾರಿ ಒಂದೇ ದೋಣಿಯಲ್ಲಿ ಕೂತು, ಜಾಕೆಟ್ಟು ತೊಟ್ಟು, ಆಚೆ ಈಚೆ ದಾಟಿ ನೋಡಲಿ. ಫಲಕ ಆ ದಿನಕ್ಕೆ ಮೊದಲು ನಿಲ್ಲಲಿ.